ಎಡೆದೊರೆನಾಡಿನ ಭಕ್ತಿಕಾವ್ಯದಲ್ಲಿ ನಿಸರ್ಗ

ಕನ್ನಡದಲ್ಲಿ ದೈವಶ್ರದ್ಧೆಯನ್ನೂ ನಿಸರ್ಗಪ್ರೀತಿಯನ್ನೂ ಒಂದುಗೂಡಿಸಿದ ಕಾವ್ಯ ಯಾವುದೆಂದು ಕೇಳಿದರೆ, ವಿದ್ಯಾರ್ಥಿಗಳೂ ಅಧ್ಯಾಪಕರೂ ಕೊಡುವ ಉತ್ತರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಕುವೆಂಪು ಅವರ ಹೆಸರು ಮೊದಲು ಬರುತ್ತದೆ. ಅವರೊಡನೆ ಬೇಂದ್ರೆಯವರೂ ಪು. ತಿ. ನರಸಿಂಹಾಚಾರ್ಯರೂ ನೆನಪಾಗುತ್ತಾರೆ. ಈ ಉತ್ತರ ಸರಿಯಲ್ಲವೆಂದು ಯಾರೂ ಹೇಳಲಾರರು. 1946ರಲ್ಲಿ ಪ್ರಕಟವಾದ ಕುವೆಂಪು ಅವರ ಸಂಕಲನವೊಂದಕ್ಕೆ ‘ಪಕ್ಷಿಕಾಶಿ’ ಎಂಬ ಹೆಸರಿರುವುದೇ ಇದಕ್ಕೆ ಸಾಕ್ಷಿ. ಹಕ್ಕಿಯ ನೆಲೆಯೂ ತೀರ್ಥಕ್ಷೇತ್ರವೂ ಅಲ್ಲಿ ಒಂದೇ ಪದದಲ್ಲಿ ಕೂಡಿಕೊಂಡಿವೆ. ಆದರೆ ಈ ಉತ್ತರದ ಜೊತೆಗೆ ಒಂದು ಅಳತೆಗೋಲು ಕೂಡ ನಮ್ಮ ಕೈಗೆ ಬಂದಿದೆ. ಕಾಡು, ಬೆಟ್ಟ, ಸೂರ್ಯೋದಯ, ಇವುಗಳ ಮುಂದೆ ನಿಂತು ಕವಿ ಮೈಮರೆಯಬೇಕು. ಆ ಮೈಮರೆವು ದೈವಾನುಭವವಾಗಿ ಪರಿಣಮಿಸಬೇಕು. ಹಾಗಾದರೆ ಮಾತ್ರ ಅದು ನಿಸರ್ಗಕಾವ್ಯ ಎಂಬುದು ಆ ಅಳತೆಗೋಲು. ಇದನ್ನು ಹಿಡಿದು ರಾಯಚೂರು ಜಿಲ್ಲೆಯ ಬಯಲನ್ನು ಅಳೆದರೆ, ಸಿಂಧನೂರು, ಲಿಂಗಸುಗೂರು, ಮಸ್ಕಿ, ಮಾನ್ವಿಗಳ ಸೀಮೆಯಲ್ಲಿ ಭಕ್ತಿಕಾವ್ಯ ಹೇರಳವಾಗಿ ಬೆಳೆಯಿತೆಂದೂ ನಿಸರ್ಗಕಾವ್ಯ ಹುಟ್ಟಲೇ ಇಲ್ಲವೆಂದೂ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಪ್ರದೇಶವನ್ನು ನಮ್ಮ ಶಾಸನಗಳು ಎಡೆದೊರೆ ಎಂದು ಕರೆದಿವೆ. ಇತಿಹಾಸದ ಅಭ್ಯಾಸಿಗಳಿಗೆ ಇದು ಚಿರಪರಿಚಿತ ನೆಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ದೊರೆತ ಶಾಸನದಿಂದ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಸ್ಥಿರಪಟ್ಟಿತು. ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ವಿಜಯನಗರದ ಅರಸರೂ ಬಹಮನಿ, ಆದಿಲಶಾಹಿ ಸುಲ್ತಾನರೂ ತಲೆಮಾರುಗಳ ಕಾಲ ಹೋರಾಡಿದರು; 1520ರ ರಾಯಚೂರು ಯುದ್ಧ ಇವುಗಳಲ್ಲಿ ಪ್ರಸಿದ್ಧವಾದುದು. ಆದರೆ ಕಾವ್ಯದ ವಿಚಾರಕ್ಕೆ ಕೋಟೆಗಿಂತ ಮಳೆ ಮುಖ್ಯ. ಇಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಕುವೆಂಪು ಅವರ ಕುಪ್ಪಳ್ಳಿ ಇರುವ ತೀರ್ಥಹಳ್ಳಿ ತಾಲ್ಲೂಕಿಗೇ ಸೇರಿದ ಆಗುಂಬೆಯಲ್ಲಿ ಅದು 7000 ಮಿಲಿಮೀಟರನ್ನು ಮೀರುತ್ತದೆ. ತೀರ್ಥಹಳ್ಳಿಯನ್ನು ಬಳಸಿ ಹರಿಯುವ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಮುಂದೆ ಸಿಂಧನೂರು ಮಾನ್ವಿಗಳ ತೆಂಕಣ ಅಂಚಿಗೆ ಬರುತ್ತಾಳೆ. ನದಿ ಒಂದೇ, ಆದರೆ ದಂಡೆಯ ಬದುಕು ಒಂದೇ ಅಲ್ಲ. ಮಳೆ ತಪ್ಪದೆ ಬರುವ ನಾಡಿನಲ್ಲಿ ನಿಸರ್ಗವನ್ನು ನಿಂತು ನೋಡಲು ಸಾಧ್ಯ. ಮುಂಗಾರು ತಪ್ಪಿದರೆ ಹಿಂಗಾರಿಗೆ ಕಾಯಬೇಕಾದ, ಹಿಂಗಾರೂ ತಪ್ಪಿದರೆ ಗುಳೆ ಹೊರಡಬೇಕಾದ ಎರೆಹೊಲದ ನಾಡಿನಲ್ಲಿ ನಿಸರ್ಗವೆಂದರೆ ಮೊದಲಿಗೆ ಕಾಳು, ಮೊದಲಿಗೆ ನೀರು. ಈ ನಾಡಿನ ಕವಿಗಳು ನಿಸರ್ಗವನ್ನು ಕಂಡದ್ದು ಈ ಎರಡರಲ್ಲಿ ಎಂಬುದೇ ನಮ್ಮ ವಾದ.

ಕಾಳಿನಿಂದಲೇ ಆರಂಭಿಸೋಣ. ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ ಮತ್ತು ಆಕೆಯ ಪತಿ ಮಾರಯ್ಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಲಕ್ಕಮ್ಮನ ವಚನಗಳ ಅಂಕಿತದಲ್ಲಿ ಗಂಡನ ಹೆಸರಿನೊಡನೆ ಊರ ದೇವರಾದ ಅಮರೇಶ್ವರಲಿಂಗದ ಹೆಸರೂ ಸೇರಿದೆ. ಕಲ್ಯಾಣಕ್ಕೆ ಹೋಗಿ, ಅಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಈ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಬಯಸುವುದು ಅರಸರಿಗೆ ಸಲ್ಲುವ ಮಾತೆಂದು ತಿಳಿಹೇಳಿ, ಮಿಕ್ಕುದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದುಬರುವಂತೆ ಹೇಳಿದಳು. ಈ ಪ್ರಸಂಗವನ್ನು ಕಾಯಕತತ್ತ್ವಕ್ಕೆ ಉದಾಹರಣೆಯಾಗಿ ಎಲ್ಲರೂ ಉದ್ಧರಿಸುತ್ತಾರೆ. ನಿಸರ್ಗದ ದೃಷ್ಟಿಯಿಂದ ಇದನ್ನು ನೋಡಿದವರು ವಿರಳ.

‘ಅಕ್ಕಿಕಾಳು ನಿಸರ್ಗವಾಗುವುದು ಹೇಗೆ? ಅದು ಮನೆವಾರ್ತೆಯ ವಸ್ತುವಲ್ಲವೆ?’ ಎಂದು ಆಕ್ಷೇಪಿಸಬಹುದು. ಹೊಲವನ್ನು ನಂಬಿದ ಜನಕ್ಕೆ ನಿಸರ್ಗವೂ ಮನೆವಾರ್ತೆಯೂ ಬೇರೆಬೇರೆ ಕೋಣೆಗಳಲ್ಲ ಎಂಬುದೇ ಇದಕ್ಕೆ ಉತ್ತರ. ಎಳ್ಳಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ಒಕ್ಕಲಿಗರು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬೇಯಿಸಿದ ಅಡಿಗೆಯನ್ನು ಭೂಮಿತಾಯಿಗೆ ಉಣಬಡಿಸಿದ ಮೇಲೆ ತಾವು ಉಣ್ಣುತ್ತಾರೆ. ಭೂಮಿಯಿಂದ ಪಡೆದುದರಲ್ಲಿ ಒಂದು ಪಾಲು ಭೂಮಿಗೆ ಸಲ್ಲಬೇಕೆಂಬ ಈ ಭಾವನೆಗೂ, ಬೇಕಾದುದಕ್ಕಿಂತ ಹೆಚ್ಚಿನದನ್ನು ಹಿಂದಕ್ಕೆ ಸುರಿಯಬೇಕೆಂಬ ಲಕ್ಕಮ್ಮನ ನಿಲುವಿಗೂ ಹತ್ತಿರದ ನಂಟಿದೆ. ಲಕ್ಕಮ್ಮ ಕಾಳಿನ ಚೆಲುವನ್ನು ವರ್ಣಿಸುವುದಿಲ್ಲ. ಕಾಳಿನ ಮುಂದೆ ಮನುಷ್ಯನ ಕೈ ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುತ್ತಾಳೆ. ಪ್ರೀತಿಗೆ ವರ್ಣನೆ ಒಂದು ರೂಪವಾದರೆ ಸಂಯಮ ಇನ್ನೊಂದು ರೂಪ. ನಮ್ಮ ವಿಮರ್ಶೆ ಈವರೆಗೆ ಮೊದಲನೆಯದಕ್ಕೆ ಮಾತ್ರ ಮನ್ನಣೆ ಕೊಟ್ಟಿದೆ.

ಇನ್ನು ನೀರು. ದಾಸಸಾಹಿತ್ಯದ ಎರಡನೆಯ ಘಟ್ಟ ಬಹುಪಾಲು ಈ ಎಡೆದೊರೆಯದೇ. ಆ ಘಟ್ಟದ ಹಿರಿಯರಾದ ವಿಜಯದಾಸರು ತುಂಗಭದ್ರೆಯ ದಂಡೆಯ ಚೀಕಲಪರ್ವಿಯವರು. 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹವಿಟ್ಟರು. ಅವರ ಶಿಷ್ಯ ಗೋಪಾಲದಾಸರು ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು (1728–1809) ಮಾನ್ವಿಯಲ್ಲಿ ನೆಲೆಸಿದವರು. ವಿಜಯದಾಸರಿಗೆ ಕೀರ್ತಿ ತಂದ ಪ್ರಕಾರ ಸುಳಾದಿ. ಧ್ರುವ, ಮಟ್ಟ, ತ್ರಿಪುಟ, ಅಟ್ಟ ಮೊದಲಾಗಿ ತಾಳದಿಂದ ತಾಳಕ್ಕೆ ನಡೆಯುತ್ತ, ಕೊನೆಗೆ ‘ಜತೆ’ ಎಂಬ ಎರಡು ಸಾಲುಗಳಲ್ಲಿ ನಿಲ್ಲುವ ಈ ರಚನೆಯನ್ನು ಅವರು ಕ್ಷೇತ್ರಗಳಿಗೂ ತೀರ್ಥಗಳಿಗೂ ನದಿಗಳಿಗೂ ಬಳಸಿದರು. ನದಿಯೂ ಒಂದೇ ಗತಿಯಲ್ಲಿ ಹರಿಯುವುದಿಲ್ಲ. ಮಡುವಿನಲ್ಲಿ ನಿಂತು, ಬಂಡೆಯ ಸಂದಿನಲ್ಲಿ ನುಗ್ಗಿ, ಬಯಲಲ್ಲಿ ಹರಡುತ್ತದೆ. ತಾಳ ಬದಲಿಸುವ ಪ್ರಕಾರವೊಂದು ನದಿಯ ಸ್ತುತಿಗೆ ಒದಗಿಬಂದುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯ ಕೃತಿ. ದ್ವೈತಸಿದ್ಧಾಂತಕ್ಕೆ ಕನ್ನಡದಲ್ಲಿ ದೊರೆತ ಅತ್ಯಂತ ಸಮಗ್ರವಾದ ಪದ್ಯರೂಪ. ಅದರ ಭೋಜನರಸವಿಭಾಗ ಸಂಧಿಯಲ್ಲಿ ಉಣ್ಣುವ ಅನ್ನ, ಹಾಲು, ತುಪ್ಪ, ಕಾಯಿಪಲ್ಯಗಳಲ್ಲಿ ಭಗವಂತನ ಯಾವ ಯಾವ ರೂಪಗಳ ಸನ್ನಿಧಾನವಿದೆಯೆಂಬ ಚಿಂತನೆ ಬರುತ್ತದೆ. ವಿಭೂತಿ ಸಂಧಿಯಲ್ಲಿ ಲೋಕದ ವಿಶೇಷಗಳನ್ನೆಲ್ಲ ಅವನ ವಿಭೂತಿಯಾಗಿ ಕಾಣುವ ಕ್ರಮವಿದೆ. ಊಟದ ಎಲೆಯಿಂದ ಹಿಡಿದು ಆಕಾಶದವರೆಗೆ ಕಣ್ಣಿಗೆ ಬಿದ್ದ ಯಾವುದನ್ನೂ ದೇವರ ಸಂಬಂಧವಿಲ್ಲದೆ ಬಿಡಬಾರದೆಂಬುದು ಈ ಕೃತಿಯ ಹಟ.

ಇಲ್ಲಿ ಒಂದು ತಾತ್ತ್ವಿಕ ಸೂಕ್ಷ್ಮವನ್ನು ಗಮನಿಸುವುದು ಅಗತ್ಯ. ಮಧ್ವಮತದಲ್ಲಿ ಜಗತ್ತು ಸತ್ಯ, ಪಂಚಭೇದಗಳೂ ಸತ್ಯ. ನದಿ ದೇವರಲ್ಲ, ಆದರೆ ನದಿ ಮಾಯೆಯೂ ಅಲ್ಲ. ಅದು ದೇವರಿಗೆ ಅಧೀನವಾದ ನಿಜವಾದ ವಸ್ತು. ಶ್ರೀರಾಮಕೃಷ್ಣ ವಿವೇಕಾನಂದರ ಪ್ರಭಾವದಲ್ಲಿ ಬೆಳೆದ ಕುವೆಂಪು ಅವರ ಕವಿತೆಯಲ್ಲಿ ನೋಡುವವನು, ನೋಟ, ನೋಡಿದ್ದು ಈ ಮೂರೂ ಕರಗಿ ಒಂದಾಗುವ ಕ್ಷಣವೇ ಪರಮಾವಧಿ. ಜಗನ್ನಾಥದಾಸರಲ್ಲಿ ಅಂಥ ಕರಗುವಿಕೆಗೆ ಎಡೆಯಿಲ್ಲ. ಅನ್ನ ಅನ್ನವಾಗಿಯೇ ಉಳಿಯುತ್ತದೆ. ಉಣ್ಣುವವನು ಉಣ್ಣುವವನಾಗಿಯೇ ಉಳಿಯುತ್ತಾನೆ. ಒಳಗಿನ ನಿಯಾಮಕ ಬೇರೆಯೇ ಇದ್ದಾನೆ. ಮೊದಲನೆಯ ದರ್ಶನ ಬೆರಗಿನ ಕಾವ್ಯವನ್ನು ಕೊಟ್ಟರೆ ಎರಡನೆಯದು ಕೃತಜ್ಞತೆಯ ಕಾವ್ಯವನ್ನು ಕೊಡುತ್ತದೆ. ದಾಸರಲ್ಲಿ ಕುವೆಂಪು ಅವರ ಬೆರಗು ಕಾಣಲಿಲ್ಲವೆಂದು ಅವರಿಗೆ ನಿಸರ್ಗದ ಮೇಲೆ ಪ್ರೀತಿಯೇ ಇರಲಿಲ್ಲವೆನ್ನುವುದು, ಜೋಳದ ಹೊಲಕ್ಕೆ ಹೋಗಿ ಅಡಕೆಯ ಗೊನೆಯನ್ನು ಹುಡುಕಿದಂತಾದೀತು.

ಹೀಗೆಂದಮಾತ್ರಕ್ಕೆ ದಾಸಕಾವ್ಯದ ಕೊರತೆಗಳನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಲ್ಲ. ಹರಿಕಥಾಮೃತಸಾರದ ಅನೇಕ ಪದ್ಯಗಳಲ್ಲಿ ವಸ್ತುವಿನ ಹೆಸರು ಬಂದೊಡನೆ ಭಗವದ್ರೂಪದ ಹೆಸರು ಬಂದು ಕೂಡುತ್ತದೆ. ವಸ್ತುವಿನ ಬಣ್ಣ, ವಾಸನೆ, ರುಚಿಗಳನ್ನು ಓದುಗ ಅನುಭವಿಸುವ ಮೊದಲೇ ಸಾಲು ಮುಂದೆ ಹೋಗಿರುತ್ತದೆ. ಎಣಿಕೆ ಬೆಳೆಯುತ್ತದೆ, ಚಿತ್ರ ಮೂಡುವುದಿಲ್ಲ. ಉಪಾಸಕನಿಗೆ ಈ ಎಣಿಕೆಯೇ ಸಾಧನೆಯಾದೀತು. ಕಾವ್ಯದ ಓದುಗನಿಗೆ ಅದು ಹಲವೆಡೆ ಭಾರವಾಗುತ್ತದೆ. ತೀರ್ಥಸ್ತುತಿಗಳಲ್ಲಿಯೂ ಮಿಂದವನಿಗೆ ದೊರೆಯುವ ಫಲದ ಕಡೆಗೆ ಗಮನ ಜಾರಿದಾಗ ಹರಿಯುವ ನೀರು ಮರೆಯಾಗುತ್ತದೆ. ಸಿದ್ಧಾಂತವು ಜಗತ್ತು ಸತ್ಯವೆಂದು ಸಾರಿದರೂ ಆ ಸತ್ಯದ ಮೈಯನ್ನು ಪದ್ಯವು ಎಲ್ಲ ಕಡೆಯೂ ಮುಟ್ಟಿಲ್ಲ.

ವಿದ್ವತ್ಕಾವ್ಯ ಮುಟ್ಟದೆ ಬಿಟ್ಟ ಆ ಮೈಯನ್ನು ಮುಟ್ಟಿದುದು ಹೆಸರಿಲ್ಲದವರ ಹಾಡು. ಮಳೆ ಹಿಂದೆಗೆದಾಗ ಉತ್ತರ ಕರ್ನಾಟಕದ ಊರುಗಳಲ್ಲಿ ಗುರ್ಜಿಯನ್ನು ಹೊರುವ ಪದ್ಧತಿಯಿದೆ. ಗುರ್ಜಿಯನ್ನು ತಲೆಯ ಮೇಲಿಟ್ಟುಕೊಂಡು ಮಕ್ಕಳು ಮನೆಯಿಂದ ಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿದು ಕಾಳುಕಡಿ ನೀಡುತ್ತಾರೆ. ಈ ಹಾಡುಗಳಲ್ಲಿ ಮಳೆ ದೇವರೂ ಹೌದು, ಮುನಿಸಿಕೊಂಡ ನೆಂಟನೂ ಹೌದು. ಅದನ್ನು ಕರೆಯುವುದು, ಗದರಿಸುವುದು, ಒಲಿಸಿಕೊಳ್ಳುವುದು ಎಲ್ಲವೂ ಉಂಟು. ಶ್ರದ್ಧೆ ಎಷ್ಟು ಗಾಢವೋ ಸಲಿಗೆಯೂ ಅಷ್ಟೇ ಗಾಢ. ಲಕ್ಕಮ್ಮನ ಸಂಯಮ, ದಾಸರ ಕೃತಜ್ಞತೆ, ಗುರ್ಜಿಯ ಹಾಡಿನ ಸಲಿಗೆ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಎಡೆದೊರೆಯ ನಿಸರ್ಗಕಾವ್ಯದ ಆಕಾರ ನಮಗೆ ಗೋಚರಿಸುತ್ತದೆ.

ಈ ಕಾವ್ಯ ಹುಟ್ಟಿದ ಕಾಲವನ್ನೂ ನೆನೆಯಬೇಕು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. 1724ರಿಂದ ಹೈದರಾಬಾದಿನ ನಿಜಾಮರ ಆಳ್ವಿಕೆ ತಲೆಯೆತ್ತಿತು. ನಡುವೆ ಮರಾಠರ ದಂಡುಗಳು ದಖ್ಖನದಲ್ಲಿ ಓಡಾಡಿದವು. ವಿಜಯದಾಸರ ಒಂದು ಜೀವಮಾನದಲ್ಲಿಯೇ ನೆಲದ ಒಡೆತನ ಹೀಗೆ ಕೈಯಿಂದ ಕೈಗೆ ದಾಟಿತು. ಆಳುವವರು ಬದಲಾದರೂ ಬದಲಾಗದೆ ಉಳಿದವು ಎರಡು ಹೊಳೆಗಳು ಮತ್ತು ಎರೆಭೂಮಿ. ನೆಲವೂ ನೀರೂ ಅರಸನ ಆಸ್ತಿಯಲ್ಲ, ಅವುಗಳಿಗೆ ಬೇರೊಬ್ಬ ಒಡೆಯನಿದ್ದಾನೆ ಎಂಬ ನಂಬಿಕೆ ಅಂಥ ದಿನಗಳಲ್ಲಿ ಕೇವಲ ಮತತತ್ತ್ವವಾಗಿರಲಾರದು. ಅದು ಬದುಕಿಗೆ ಆಧಾರವೂ ಆಗಿದ್ದಿರಬೇಕು.

ಇಂದು ಆ ನೆಲದ ರೂಪವೇ ಬದಲಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾದ ಮೇಲೆ ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಬಂದಿತು, ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು, ಬಡತನ ಹಿಂಗಿತು. ಇದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ನೀರು ನಿಂತು ಜೌಗಾದ, ಉಪ್ಪೇರಿ ಸವುಳಾದ ಜಮೀನುಗಳೂ ಇದೇ ಅಚ್ಚುಕಟ್ಟಿನಲ್ಲಿವೆ. ಕಾಲುವೆಯ ಮೇಲ್ಭಾಗದವರಿಗೂ ಕೊನೆಭಾಗದವರಿಗೂ ನೀರಿನ ತಕರಾರು ತಪ್ಪಿಲ್ಲ. 2024ರ ಆಗಸ್ಟ್ ತಿಂಗಳಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ, ಮುಗಿಲನ್ನು ನೋಡುತ್ತಿದ್ದ ನಾಡು ಈಗ ಒಂದು ಕಬ್ಬಿಣದ ಬಾಗಿಲನ್ನು ನಂಬಿ ಕುಳಿತಿರುವುದು ಎಲ್ಲರಿಗೂ ಮನವರಿಕೆಯಾಯಿತು. ಎಷ್ಟು ನೀರು ಸಾಕು, ಎಷ್ಟು ಕಾಳು ಸಾಕು ಎಂಬ ಪ್ರಶ್ನೆ ಇಂದು ನೀರಾವರಿ ಇಲಾಖೆಯ ಪ್ರಶ್ನೆಯಾಗಿದೆ. ಅದನ್ನು ಲಿಂಗಸುಗೂರು ಸೀಮೆಯ ಹೆಣ್ಣುಮಗಳೊಬ್ಬಳು ಎಂಟುನೂರು ವರ್ಷಗಳ ಹಿಂದೆಯೇ ಶಿವನ ಮುಂದೆ ನಿಂತು ಕೇಳಿದ್ದಳು.

ಆದುದರಿಂದ ನಾವು ಹೇಳಬೇಕಾದುದು ಇಷ್ಟು. ನಿಸರ್ಗಕಾವ್ಯದ ಪಾಠವನ್ನು ಮಲೆನಾಡಿನ ಮಳೆಯಿಂದಲೇ ಆರಂಭಿಸಿ ಅಲ್ಲಿಯೇ ಮುಗಿಸಿದರೆ, ಸಿಂಧನೂರಿನ ವಿದ್ಯಾರ್ಥಿ ತನ್ನ ನಾಡಿಗೆ ಆ ಕಾವ್ಯದಲ್ಲಿ ಪಾಲಿಲ್ಲವೆಂದು ತಿಳಿಯುತ್ತಾನೆ. ಪಠ್ಯದಲ್ಲಿ ಕುವೆಂಪು ಅವರ ಕವಿತೆಯ ಪಕ್ಕಕ್ಕೆ ಲಕ್ಕಮ್ಮನ ವಚನವನ್ನೂ ವಿಜಯದಾಸರ ಸುಳಾದಿಯನ್ನೂ ಗುರ್ಜಿಯ ಹಾಡನ್ನೂ ಇಡಬೇಕು. ಗುರ್ಜಿಯ ಹಾಡುಗಳನ್ನು ಬಲ್ಲ ಹಿರಿಯರು ಇರುವಾಗಲೇ ತಾಲ್ಲೂಕು ತಾಲ್ಲೂಕಾಗಿ ಅವುಗಳ ಸಂಗ್ರಹ ನಡೆಯಬೇಕು. ಕೆಲಸ ದೊಡ್ಡದಲ್ಲ, ಆದರೆ ಕಾಲುವೆಯ ನೀರು ಬಂದ ಊರುಗಳಲ್ಲಿ ಮಳೆ ಕರೆಯುವ ಹಾಡಿಗೆ ಕೆಲಸ ತಪ್ಪುತ್ತ ಬಂದಿರುವುದರಿಂದ ಅದನ್ನು ಮುಂದೂಡುವಂತಿಲ್ಲ.