ದಿಂಬಿನಷ್ಟಗಲದ ಕಾಡು

600 ಮಿಲಿಮೀಟರ್ ಲೆನ್ಸ್ ಹಾಕಿ ಹತ್ತು ಮೀಟರ್ ಆಚೆಗೆ ನೋಡಿದರೆ ಫುಲ್ ಫ್ರೇಮ್ ಕ್ಯಾಮೆರಾಕ್ಕೆ ಕಾಣುವುದು 60 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಜಾಗ. ಒಂದು ತಲೆದಿಂಬಿನಷ್ಟು. ಅಲ್ಲಿಗೆ ನಮ್ಮ ಕೆರೆಯಂಚಿನ ಸಣ್ಣ ಮಿಂಚುಳ್ಳಿ ಬಂದು ಕೂತರೆ ಚೌಕಟ್ಟಿನ ಅಗಲದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ತುಂಬುತ್ತದೆ. ಬಂದಳಿಕೆ ಹಣ್ಣು ತಿನ್ನುವ ಪುಟ್ಟ ಬದನಿಕೆ ಹಕ್ಕಿಯಾದರೆ ಏಳನೇ ಒಂದು ಭಾಗವೂ ಇಲ್ಲ. ಮೂರು ಕಿಲೋ ತೂಗುವ, ಹತ್ತು ಲಕ್ಷ ರೂಪಾಯಿ ದಾಟುವ ಗಾಜನ್ನು ಹೆಗಲ ಮೇಲೆ ಹೊತ್ತು ತಂದವನಿಗೂ ಹಕ್ಕಿ ಚಿಕ್ಕದಾಗಿಯೇ ಕಾಣುತ್ತದೆ. ಆಗ ಆತ ಒಂದು ಹೆಜ್ಜೆ ಮುಂದಿಡುತ್ತಾನೆ. ಹಕ್ಕಿ ಛಾಯಾಗ್ರಹಣದ ಅರ್ಧ ಚರಿತ್ರೆ, ಮುಕ್ಕಾಲು ಜಗಳ ಆ ಹೆಜ್ಜೆಯಲ್ಲಿದೆ.

ಟೆಲಿ ಲೆನ್ಸಿನ ಉಪಯೋಗವೇ ದೂರ ನಿಲ್ಲುವುದು. ನಾವು ಅದನ್ನು ಇನ್ನಷ್ಟು ಹತ್ತಿರ ಹೋಗುವುದಕ್ಕೆ ಬಳಸುತ್ತಿದ್ದೇವೆ. ಏಕೆಂದರೆ ಒಳ್ಳೆಯ ಹಕ್ಕಿಚಿತ್ರ ಎಂದರೆ ಫ್ರೇಮ್ ತುಂಬಿರಬೇಕು, ಬ್ಯಾಕ್‌ಗ್ರೌಂಡ್ ಕ್ಲೀನ್ ಇರಬೇಕು, ಕಣ್ಣು ಶಾರ್ಪ್ ಇರಬೇಕು ಎಂಬ ಅಳತೆಗೋಲೊಂದು ಸ್ಪರ್ಧೆಗಳಿಂದ ಫೋನಿನ ಪರದೆಯವರೆಗೆ ನಡೆದುಕೊಂಡು ಬಂದಿದೆ. ನನ್ನ ತಕರಾರು ಲೆನ್ಸಿನ ಮೇಲಲ್ಲ, ಈ ಅಳತೆಗೋಲಿನ ಮೇಲೆ. ಹಕ್ಕಿಗೆ ಆಗುವ ತೊಂದರೆಯ ಬಗ್ಗೆ ಒಂದು ವೇದಿಕೆಯಲ್ಲಿ ಮಾತಾಡುತ್ತೇವೆ, ಚಿತ್ರದ ಚೆಲುವಿನ ಬಗ್ಗೆ ಇನ್ನೊಂದರಲ್ಲಿ. ಎರಡೂ ಒಂದೇ ಕಾಯಿಲೆ. ಹಕ್ಕಿಯನ್ನು ಗೋಳಾಡಿಸುವ ಅಳತೆಯೇ ಚಿತ್ರವನ್ನೂ ಸಪ್ಪೆ ಮಾಡಿದೆ.

ಹಿಂದಿನವರು ಇದಕ್ಕಿಂತ ಸಭ್ಯರಾಗಿದ್ದರು ಎಂದು ಹೇಳುವ ಹಾಗಿಲ್ಲ. ಇಂಗ್ಲೆಂಡಿನ ಕೀರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿರುವ ಗೂಡಿನ ಚಿತ್ರ ತೆಗೆದರು. ಮುಂದೆ ಹಕ್ಕಿಗಳಿಗೆ ಅನುಮಾನ ಬಾರದಿರಲೆಂದು ಪೊಳ್ಳು ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಕೂತರು. ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಡಿನ ಬಳಿ ಅಡಗಿ ಕೂರಲು ಕಟ್ಟಿದ್ದ ಹೈಡ್‌ಗೆ ರಾತ್ರಿ ಹೋಗುವಾಗ ಗೂಬೆಯ ಉಗುರಿಗೆ ಎಡಗಣ್ಣು ಕಳಕೊಂಡರು. ಲೆನ್ಸ್ ಗಿಡ್ಡ, ಫಿಲ್ಮು ನಿಧಾನ. ಅಂಥ ಕಾಲದಲ್ಲಿ ಹಕ್ಕಿ ತಪ್ಪದೆ ಮರಳಿ ಬರುವ ಜಾಗವೊಂದೇ, ಗೂಡು. ನಮ್ಮಲ್ಲೂ ಒ.ಸಿ. ಎಡ್ವರ್ಡ್ಸ್ ಗರಡಿಯ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರ ತಲೆಮಾರು ರೀಲು ಹಾಕುತ್ತಿದ್ದ ದಿನಗಳಲ್ಲಿ ಗೂಡು, ಮರಿ, ಗುಟುಕು ಹಕ್ಕಿಚಿತ್ರದ ಮಾಮೂಲಿ ವಸ್ತುಗಳೇ ಆಗಿದ್ದವು. ಉದ್ದನೆಯ, ವೇಗದ ಆಟೋಫೋಕಸ್ ಲೆನ್ಸು ಬಂದ ಮೇಲೆಯೇ ಕ್ಯಾಮೆರಾ ಗೂಡಿನಿಂದ ಆಚೆ ಬಂದದ್ದು. ಹಾರುವ ಹಕ್ಕಿ, ಬೇಟೆಯಾಡುವ ಹಕ್ಕಿ, ಜಗಳವಾಡುವ ಹಕ್ಕಿ ಚಿತ್ರಕ್ಕೆ ಸಲೀಸಾಗಿ ಸಿಕ್ಕಿದ್ದು ಅದರಿಂದಲೇ. ಸಣ್ಣ ಲಾಭವಲ್ಲ ಇದು.

ಆ ಲಾಭ ಎಲ್ಲರ ಕೈಗೆ ಬಂದದ್ದು ತೀರಾ ಇತ್ತೀಚೆಗೆ. 2014ರ ಸುಮಾರಿಗೆ ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ 150-600 ಜೂಮ್‌ಗಳು, ಮರುವರ್ಷ ನಿಕಾನ್‌ನ 200-500 ಬಂದವು. ಲಕ್ಷದ ಆಸುಪಾಸಿನಲ್ಲಿ ಸಿಗುವ ಈ ಲೆನ್ಸುಗಳಿಂದ ಭಾನುವಾರದ ಕೆರೆಯೇರಿಗಳ ಚಹರೆಯೇ ಬದಲಾಯಿತು. 2020ರ ಹೊತ್ತಿಗೆ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ, ಸೆಕೆಂಡಿಗೆ 20 ಚಿತ್ರ ತೆಗೆಯುವ ಮಿರರ್‌ಲೆಸ್ ಕ್ಯಾಮೆರಾಗಳೂ ಬಂದವು. ಹಿಂದೆ ಕೈಯಿಂದ ಫೋಕಸ್ ತಿರುಗಿಸಿ ಹಾರುವ ಹಕ್ಕಿಯ ಕಣ್ಣನ್ನು ಹಿಡಿದವನಿಗೆ ಚಪ್ಪಾಳೆ ತಟ್ಟುವುದರಲ್ಲಿ ಅರ್ಥವಿತ್ತು. ಈಗ ಆ ಚಪ್ಪಾಳೆ ಯಾರಿಗೆ ಸಲ್ಲಬೇಕು? ಕಣ್ಣು ಹಿಡಿಯುವ ಕಷ್ಟ ತೀರಿದ ಮೇಲಾದರೂ ನಮ್ಮವರು ಸಂಯೋಜನೆ, ನಡವಳಿಕೆ, ಬೆಳಕು ಇವುಗಳ ಕಡೆಗೆ ತಿರುಗುತ್ತಾರೆಂದು ನಾನಂತೂ ಎಣಿಸಿದ್ದೆ. ಆದದ್ದು ಬೇರೆ: ರೆಕ್ಕೆಯ ಎಳೆಎಳೆಯೂ ಕಾಣುವ, ಒಂದರಂತೆ ಇನ್ನೊಂದಿರುವ ಸಾವಿರಾರು ಚಿತ್ರ.

ಅಂಥದ್ದೊಂದನ್ನು ಎದುರಿಗಿಟ್ಟು ನೋಡಿ. ನಡುವೆ ಓರೆಯಾದ ಒಂದು ಕಡ್ಡಿ, ಪಾಚಿ ಹಿಡಿದದ್ದಾದರೆ ಉತ್ತಮ. ಅದರ ಮೇಲೆ ಹಕ್ಕಿ, ತಲೆ ತುಸು ನಮ್ಮ ಕಡೆಗೆ, ಕಣ್ಣಲ್ಲಿ ಬೆಳಕಿನ ಚುಕ್ಕೆ. ಹಿಂದೆ ಬಣ್ಣ ಬಳಿದ ಗೋಡೆಯಂಥ ಹಸಿರು. ಆ ಹಸಿರು ಕಾಡೋ ಕಾಫಿ ತೋಟವೋ ಯಾರದೋ ಹಿತ್ತಿಲ ಬಾಳೆಯೋ ದೇವರಿಗೇ ಗೊತ್ತು. 600 ಎಂ.ಎಂ. ಲೆನ್ಸನ್ನು ಎಫ್ 4ರಲ್ಲಿ ತೆರೆದು ಹತ್ತು ಮೀಟರಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಮೂಡುವ ಆಳ ಆರೇಳು ಸೆಂಟಿಮೀಟರ್ ಮಾತ್ರ. ಕೊಕ್ಕಿನಿಂದ ಬಾಲದವರೆಗೂ ಸಾಲದು. ಅದರಾಚೆಯದೆಲ್ಲ ಕರಗಿ ಹೋಗುತ್ತದೆ. ಕರಗುವುದು ಲೆನ್ಸಿನ ಗುಣ. ಅದನ್ನೇ ಗುರಿ ಮಾಡಿಕೊಂಡದ್ದು ನಮ್ಮ ಆಯ್ಕೆ. ಹಕ್ಕಿ ಯಾವ ಮರದಲ್ಲಿತ್ತು, ಏನು ತಿನ್ನುತ್ತಿತ್ತು, ಯಾವ ಋತು ಎಂಬ ಪ್ರಶ್ನೆಗೆ ಈ ಚಿತ್ರದಲ್ಲಿ ಉತ್ತರವಿಲ್ಲ. ಪಾಸ್‌ಪೋರ್ಟ್ ಫೋಟೊದಲ್ಲಿ ಊರು ಕಾಣುವುದಿಲ್ಲವಲ್ಲ, ಹಾಗೆ.

ಇಂಥ ಚಿತ್ರ ತಯಾರಾಗುವ ಜಾಗಗಳೂ ಈಗ ಸಿದ್ಧವಾಗಿವೆ. ಘಟ್ಟದ ಸೆರಗಿನ ಊರುಗಳಲ್ಲಿ ಹಸಿರು ಬಲೆ ಕಟ್ಟಿದ ಹೈಡ್‌ಗಳು, ಎದುರಿಗೆ ಒಂದು ನೀರ ತೊಟ್ಟಿ, ಅದರ ಅಂಚಿಗೆ ಚುಚ್ಚಿದ ಕಡ್ಡಿ. ಹಕ್ಕಿಗೆ ನೀರಿಡುವುದನ್ನು ನಾನು ದೂರುವುದಿಲ್ಲ. ಬೇಸಿಗೆಯಲ್ಲಿ ಅದು ಪುಣ್ಯದ ಕೆಲಸವೇ, ಜೊತೆಗೆ ಮನುಷ್ಯರು ಒಂದೆಡೆ ಕದಲದೆ ಕೂರುವುದರಿಂದ ಕಾಡಿಗೂ ಉಪಕಾರ. ಆದರೆ ಬಲೆಯೊಳಗಿಂದ "ಅಣ್ಣಾ, ಆ ಕಡ್ಡಿ ಸ್ವಲ್ಪ ಎಡಕ್ಕೆ ತಿರುಗಿಸಿ" ಎಂಬ ಪಿಸುಮಾತು ಕೇಳಿಬಂದಾಗ ಇದು ಕಾಡೋ ಸ್ಟುಡಿಯೋವೋ ಎಂಬ ಪ್ರಶ್ನೆ ಏಳುತ್ತದೆ. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಒಂದು ತಂಡ. ಅದೇ ಕಡ್ಡಿ, ಅದೇ ಕೋನ. ಕಾಡಿನ ಹಕ್ಕಿಗಿಂತ ಕಡ್ಡಿಯ ಗುರುತು ಚೆನ್ನಾಗಿ ಸಿಗುವಷ್ಟು ಸಲ ಈ ಚಿತ್ರಗಳು ಕಣ್ಣಿಗೆ ಬೀಳುತ್ತವೆ. ಹೈಡ್‌ನಲ್ಲಿ ತೆಗೆದದ್ದನ್ನು ಹೈಡ್‌ನದು ಎಂದು ಬರೆದರೆ ಮುಗಿಯಿತು. ಹಾಗೆ ಬರೆಯುವವರು ಕಡಿಮೆ.

ವಿಮರ್ಶಕನಿಗೆ ನಿಜವಾಗಿ ಕೆಲಸ ಕೊಡುವುದು ಹಕ್ಕಿಯ ಮೈಭಾಷೆ. ಚಿತ್ರ ತೆಗೆದವನು ಅಡಿಬರಹದಲ್ಲಿ ಏನೇ ಬರೆದುಕೊಳ್ಳಲಿ, ಹಕ್ಕಿ ತನ್ನ ಸಾಕ್ಷಿ ಹೇಳಿಬಿಟ್ಟಿರುತ್ತದೆ. ಪಶ್ಚಿಮ ಘಟ್ಟದ ಕಪ್ಪೆಬಾಯಿ ಹಕ್ಕಿಯನ್ನು ತೆಗೆದುಕೊಳ್ಳಿ. ಹಗಲೆಲ್ಲ ಪೊದೆಯೊಳಗೆ ಜೋಡಿಯಾಗಿ ಕೂತು ತೂಕಡಿಸುವ ಇದು ಒಣಗಿದ ಎಲೆಯೇ. ಯಾರಾದರೂ ಮೇಲೆ ಬಿದ್ದು ಬಂದರೆ ಕೊಕ್ಕನ್ನು ಮೇಲೆತ್ತಿ, ಮೈಯನ್ನು ನೀಳ ಮಾಡಿ, ಮುರಿದ ಕೊಂಬೆಯ ಹಾಗೆ ಸ್ತಬ್ಧವಾಗುತ್ತದೆ. ಹೆದರಿಕೆಯ ಈ ಭಂಗಿಗೆ ನಮ್ಮ ಮಂದಿ "ಸೂಪರ್ ಪೋಸ್" ಎನ್ನುತ್ತಾರೆ. ಚಿಟ್ಟುಗೂಬೆ ಕಿವಿಗರಿ ನಿಮಿರಿಸಿ, ಮೈ ತೆಳ್ಳಗೆ ಮಾಡಿ, ಕಣ್ಣನ್ನು ಸೀಳಿನಷ್ಟು ಕಿರಿದು ಮಾಡಿದರೆ ಅದು ನಿದ್ದೆಯಲ್ಲ, ಎಚ್ಚರ. ಅದೇ ದೊಡ್ಡ ಗೂಬೆಯೊಂದು ನಡುಮಧ್ಯಾಹ್ನ ಕಣ್ಣನ್ನು ಪೂರ್ತಿ ಬಿಟ್ಟು ಲೆನ್ಸನ್ನೇ ದಿಟ್ಟಿಸುತ್ತಿದ್ದರೆ ಯಾರೋ ಎಬ್ಬಿಸಿದ್ದಾರೆಂದೇ ಬಹುಪಾಲು ಅರ್ಥ. ಬಹುಮಾನ ಬರುವುದೂ ಈ ಬಿಟ್ಟ ಕಣ್ಣಿಗೇ.

ಇದಕ್ಕಿಂತ ಕೆಟ್ಟದ್ದು ಕೆರೆಯಂಗಳದ್ದು. ನೀರು ಹಿಂದೆ ಸರಿದ ಮೇಲೆ ಜಲ್ಲಿಕಲ್ಲುಗಳ ನಡುವೆ ಕೊರಳಪಟ್ಟಿಯ ಪುಟ್ಟ ಪ್ಲೋವರ್ ಮೊಟ್ಟೆಯಿಡುತ್ತದೆ. ಗೂಡೆಂದರೆ ಒಂದು ತಗ್ಗು, ಅಷ್ಟೇ. ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ಗೊತ್ತಾಗುವುದು ಕಾಲಿಟ್ಟ ಮೇಲೆ. ಮನುಷ್ಯ ಹತ್ತಿರ ಬಂದಾಗ ತಾಯಿಯೋ ತಂದೆಯೋ ರೆಕ್ಕೆ ಮುರಿದವರ ಹಾಗೆ ಒಂದು ಪಕ್ಕಕ್ಕೆ ವಾಲಿ, ಬಾಲ ಬಿಚ್ಚಿ, ನೆಲದ ಮೇಲೆ ಒದ್ದಾಡುತ್ತಾ ದೂರ ಎಳೆದೊಯ್ಯಲು ನೋಡುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ ಬಿಚ್ಚಿದ ರೆಕ್ಕೆ, ಹಾರುವ ಧೂಳು, ಕಣ್ಣಿನ ಮಟ್ಟದ ಕೋನ: ಚಿತ್ರವಾಗಿ ಅದ್ಭುತವೇ. ಅಡಿಬರಹ "ನರ್ತನ". ಆ ಚಿತ್ರಕ್ಕಾಗಿ ಹೊಟ್ಟೆಯ ಮೇಲೆ ತೆವಳಿದವನ ಕಷ್ಟಕ್ಕೆ ಮನ್ನಣೆ ಸಿಗುತ್ತದೆ, ಅವನು ತೆವಳಿದ ದಾರಿಯಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ.

ಬಿಸಿಲಿನ ಲೆಕ್ಕ ಬೇರೆ. ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್‌ಗಳು ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಅಂಥ ಬಿಸಿಲಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡುವುದಕ್ಕೆ. ಇಡೀ ವಸಾಹತು ಕಿರುಚುತ್ತಾ ಮೇಲೆದ್ದ ದೃಶ್ಯ ವೈಡ್ ಆಗಿ ಚೆನ್ನಾಗಿ ಬರುತ್ತದೆ. ಆಗ ಕೆಳಗೆ ಸುಡುವ ಕಲ್ಲಿನ ಮೇಲೆ ಮೊಟ್ಟೆಗಳು ಬೇಯುತ್ತಿರುತ್ತವೆ. ದೂರದಲ್ಲೇ ದೋಣಿ ನಿಲ್ಲಿಸಿ ಉದ್ದ ಲೆನ್ಸಿನಲ್ಲಿ ನೋಡಿದರೆ ಗಂಡು ಮೀನು ತಂದು ಹೆಣ್ಣಿಗೆ ಕೊಡುವುದು, ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಕೂರುವುದು, ಮರಿ ಅದರ ನೆರಳಿಗೆ ನುಸುಳುವುದು ಎಲ್ಲವೂ ಸಿಗುತ್ತದೆ. ಈ ಕೆಲಸಕ್ಕೆ 600 ಎಂ.ಎಂ.ಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಅಲ್ಲಿ ಹಕ್ಕಿ ಫ್ರೇಮಿನಲ್ಲಿ ಹೆಬ್ಬೆರಳಿನಷ್ಟೇ ಇರುತ್ತದೆ, ಇರಲಿ.

ಕಾಲ್ ಪ್ಲೇಬ್ಯಾಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮರಿ ಮಾಡುವ ಕಾಲದಲ್ಲಿ ಫೋನಿನಿಂದ ಗಂಡಿನ ಕೂಗು ಹಾಕಿದರೆ ಆ ಜಾಗದ ಒಡೆಯ ಇಲ್ಲದ ವೈರಿಯ ಮೇಲೆ ಏರಿ ಬರುತ್ತಾನೆ, ಪದೇಪದೇ ಬರುತ್ತಾನೆ. ಅವನ ಸಿಟ್ಟಿನ ಚಿತ್ರ ನಮ್ಮ ಕಾರ್ಡಿನಲ್ಲಿ, ಅವನ ಹೊತ್ತು ನೀರಿನಲ್ಲಿ. ಗೂಡಿನ ವಿಷಯದಲ್ಲಿ ಕಾನೂನು ನಮ್ಮ ಕ್ಲಬ್ಬುಗಳಿಗಿಂತ ಖಾರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಕಾಡುಹಕ್ಕಿಯ ಮೊಟ್ಟೆಗೋ ಗೂಡಿಗೋ ಅಡಚಣೆ ಮಾಡುವುದನ್ನು ಸೇರಿಸಿದೆ. ಗೂಡಿಗೆ ಅಡ್ಡ ಬಂದ ಎಲೆಗಳನ್ನು ಕತ್ತರಿಯಿಂದ ಬಿಡಿಸಿ, ಮರಿಗಳನ್ನು ಬಿಸಿಲಿಗೂ ಕಾಗೆಯ ಕಣ್ಣಿಗೂ ಒಡ್ಡಿ ಚಿತ್ರ ತೆಗೆಯುವವರು ತಮ್ಮನ್ನು ನಿಸರ್ಗಪ್ರೇಮಿ ಎಂದು ಕರೆದುಕೊಳ್ಳಬಹುದು. ಕಾಯ್ದೆಯ ಲೆಕ್ಕದಲ್ಲಿ ಅದು ಬೇಟೆಯೇ.

ಹಾಗಾದರೆ ಉದ್ದ ಲೆನ್ಸಿಗೆ ತನ್ನದೇ ಆದ ಚೆಲುವು ಇಲ್ಲವೇ? ಇದೆ, ಅದು ದೂರದಿಂದ ಬರುತ್ತದೆ. ದೂರ ನಿಂತು ನೋಡಿದಾಗ ಮುಂದಿನದು ಹಿಂದಿನದು ಒಂದಕ್ಕೊಂದು ಒತ್ತರಿಸಿಕೊಂಡು ಪದರು ಪದರಾಗಿ ನಿಲ್ಲುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹೀಗೆ ನೋಡಬೇಕು: ಮುಂದೆ ನೀರಿನ ಗೆರೆ, ಅದರ ಹಿಂದೆ ಬಾತುಗಳ ಸಾಲು, ಅದರ ಹಿಂದೆ ಏರಿ, ಜಾಲಿ, ಅವು ಮೇಯಲು ಹೋಗುವ ಹೊಲ. ಬರಿಗಣ್ಣಿಗೆ ಚದುರಿ ಬಿದ್ದದ್ದನ್ನು ಲೆನ್ಸ್ ಒಂದೇ ಹಾಳೆಯ ಮೇಲೆ ಜೋಡಿಸಿಕೊಡುತ್ತದೆ. ಈ ಕೆಲಸ ಅಗಲ ಲೆನ್ಸಿನಿಂದಾಗದು. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಬಾತುಗಳನ್ನು ಮೈಸೂರು ಕಡೆಯ ಕೆರೆಗಳಲ್ಲಿ ಗುರುತಿಸಿ, ಪಟ್ಟಿಯ ಮೇಲಿನ ಅಕ್ಷರ ಓದಿ, ಅವು ಎಲ್ಲಿಂದ ಬಂದವೆಂದು ತಿಳಿಯಲು ಸಾಧ್ಯವಾದದ್ದೂ ದೂರದಿಂದ ನೋಡುವ ಸಾಧನಗಳಿಂದಲೇ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಕೂಡ ತೋಟದ ಸುತ್ತಲ ಹಕ್ಕಿಗಳನ್ನು ಕ್ಯಾಮೆರಾದಲ್ಲಿ ಹಿಡಿದದ್ದು ಮಾತ್ರವಲ್ಲ, ಕನ್ನಡದಲ್ಲಿ ಅವುಗಳ ಮೇಲೆ ಪುಸ್ತಕಗಳನ್ನೂ ಬರೆದರು. ಚಿತ್ರದ ಜೊತೆ ಹಕ್ಕಿಯ ಸಂಗತಿ ಬರಬೇಕೆಂಬ ಆ ರೂಢಿ ಈಗಿನವರಲ್ಲಿ ಸವೆದಿದೆ. ಈಗ ಅಡಿಬರಹದಲ್ಲಿ ಹಕ್ಕಿಗಿಂತ ಶಟರ್ ಸ್ಪೀಡಿನ ವಿವರವೇ ಉದ್ದ.

ದೂರಕ್ಕೂ ಮಿತಿಯಿದೆ ಎನ್ನುವುದನ್ನು ಹೇಳದಿದ್ದರೆ ತಪ್ಪಾದೀತು. ಕಾದ ನೆಲದ ಮೇಲೆ ಹತ್ತು ಗಂಟೆಯಾದ ಮೇಲೆ ಗಾಳಿ ಕುದಿಯುತ್ತದೆ; ನೂರು ಮೀಟರ್ ಆಚೆಯ ಹಕ್ಕಿ ನೀರೊಳಗಿನ ಬಿಂಬದಂತೆ ನಡುಗುತ್ತದೆ. ಯಾವ ಲೆನ್ಸೂ ಎಷ್ಟು ಮೆಗಾಪಿಕ್ಸೆಲ್ಲೂ ಅದನ್ನು ಸರಿಮಾಡಲಾರವು. ಅಂಥ ಹೊತ್ತಿನಲ್ಲಿ ಕ್ಯಾಮೆರಾ ಚೀಲಕ್ಕಿಟ್ಟು ಬೈನಾಕ್ಯುಲರ್ ಎತ್ತಿಕೊಳ್ಳುವುದೇ ಜಾಣತನ.

ಕೊನೆಗೆ ಸ್ಪರ್ಧೆಗಳ ಮಾತು. ಹಿನ್ನೆಲೆಯಲ್ಲಿ ಮನುಷ್ಯನ ಕುರುಹು ಬಂದರೆ ಚಿತ್ರ ತಿರಸ್ಕೃತವಾಗುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳಾದ ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಸೇರಿ ಒಪ್ಪಿಕೊಂಡ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯನ್ನು ಓದಿದರೆ ಅಲ್ಲಿ ಇಷ್ಟು ಬಿಗಿಯಿಲ್ಲ. ಮನುಷ್ಯ ಬದಲಿಸಿದ ಪರಿಸರಕ್ಕೆ ಹೊಂದಿಕೊಂಡ ಜೀವಿಗಳ ಕಥೆಯಲ್ಲಿ ಮನುಷ್ಯನ ಕುರುಹು ಇರಬಹುದು ಎಂದು ವಿನಾಯಿತಿ ಕೊಟ್ಟು, ಉದಾಹರಣೆಗೆ ಕಣಜದ ಗೂಬೆಯನ್ನೂ ಕೊಕ್ಕರೆಯನ್ನೂ ಹೆಸರಿಸಿದ್ದಾರೆ. ಕೊಕ್ಕರೆ! ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹಸು, ಕೊಟ್ಟಿಗೆ, ಒಣಹಾಕಿದ ಬಟ್ಟೆ, ಅಂಗಳ ಗುಡಿಸುವ ಹೆಂಗಸು. ಮೇಲೆ ಕೊಕ್ಕು ಟಕಟಕಿಸುವ ಹಕ್ಕಿ. ಪೀಳಿಗೆಗಳಿಂದ ಈ ಊರು ಹೆಸರಾದದ್ದೇ ಈ ಸಹವಾಸಕ್ಕೆ. ಆದರೂ ಅಲ್ಲಿಂದ ಬರುವ ಚಿತ್ರಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ನೀಲಿ ಆಕಾಶದೆದುರು ಒಂದು ಕೊಕ್ಕು, ಒಂದು ಕಣ್ಣು ಇರುತ್ತದೆ. ಈ ಕೊಕ್ಕರೆ ರಂಗನತಿಟ್ಟಿನದೋ ಭರತಪುರದ್ದೋ ಬೆಳ್ಳೂರಿನದೋ ಹೇಳುವ ಹಾಗಿಲ್ಲ. ಹೆಂಚನ್ನೂ ಹೆಂಗಸನ್ನೂ ಚೌಕಟ್ಟಿನಿಂದ ಆಚೆ ಹಾಕಿದ್ದು ನಿಯಮವಲ್ಲ, ತೀರ್ಪುಗಾರರೂ ಅಲ್ಲ. ಅಂಗಳದಲ್ಲಿ ನಿಂತವನ ಕೈಯಲ್ಲಿ ಆ ಹೊತ್ತು 600 ಎಂ.ಎಂ. ಇತ್ತು, ಚೀಲದಲ್ಲಿ 35 ಎಂ.ಎಂ. ಕೂಡ ಇತ್ತು.