ಕಥೆಗೆ ಕಾದವರು, ಗಲ್ಲಿಗೆ ಕಾದವರು

ಕೊಲ್ಲಾಪುರದ ಗಾವಿತ್ ಪ್ರಕರಣವನ್ನು ಆಧರಿಸಿದ ‘ಪೋಷಂ ಪಾ’ 2019ರ ಆಗಸ್ಟ್‌ನಲ್ಲಿ ಜೀ5ರಲ್ಲಿ ಬಿಡುಗಡೆಯಾಯಿತು. ಸುಮನ್ ಮುಖೋಪಾಧ್ಯಾಯ ನಿರ್ದೇಶನದ ಈ ಹಿಂದಿ ಚಿತ್ರದಲ್ಲಿ ಇಬ್ಬರು ಸಾಕ್ಷ್ಯಚಿತ್ರಕಾರರು ಗಲ್ಲು ಶಿಕ್ಷೆಗೆ ಗುರಿಯಾದ ಅಕ್ಕತಂಗಿಯರನ್ನು ಜೈಲಿನಲ್ಲಿ ಕಂಡು ಮಾತನಾಡಿಸುತ್ತಾರೆ. ಅವರ ಮಾತಿನ ಮೂಲಕವೇ ಹಿಂದಿನದೆಲ್ಲ ತೆರೆದುಕೊಳ್ಳುತ್ತದೆ. ಕೊಲೆಯ ಕಥೆಯೊಳಗೆ ಆ ಕಥೆ ಹುಡುಕಿ ಬಂದವರನ್ನೂ ತಂದು ನಿಲ್ಲಿಸುವ ಈ ಆಯ್ಕೆ ಸಣ್ಣದಲ್ಲ. ಅಂಥ ಆಯ್ಕೆ ಮಾಡಿದ ಮೇಲೆ ಕಥೆ ಹೇಳುವವರ ಹೊಣೆಯೇನು ಎಂಬುದನ್ನೂ ಚಿತ್ರ ಕೇಳಬೇಕಿತ್ತು. ನನ್ನ ದೃಷ್ಟಿಯಲ್ಲಿ ‘ಪೋಷಂ ಪಾ’ ಎಡವುವುದು ಇಲ್ಲೇ.

ನಡೆದದ್ದನ್ನು ಮೊದಲು ನೆನೆಯೋಣ. ಅಂಜನಾಬಾಯಿ ಗಾವಿತ್ ಮತ್ತು ಅವಳ ಮಕ್ಕಳಾದ ರೇಣುಕಾ ಶಿಂಧೆ, ಸೀಮಾ ಗಾವಿತ್ ಜಾತ್ರೆ, ದೇವಸ್ಥಾನ, ಬಸ್ ನಿಲ್ದಾಣಗಳ ಜನಜಂಗುಳಿಯಲ್ಲಿ ಕಿಸೆಗಳ್ಳತನ, ಸರಗಳ್ಳತನ ಮಾಡುತ್ತಿದ್ದರು. ಕಂಕುಳಲ್ಲಿ ಕೂಸಿದ್ದ ಹೆಂಗಸಿನ ಮೇಲೆ ಯಾರೂ ಅನುಮಾನಪಡುವುದಿಲ್ಲ. ಸಿಕ್ಕಿಬಿದ್ದರೂ ಕೂಸನ್ನು ಮುಂದೆ ಮಾಡಿ ಪಾರಾಗಬಹುದು. ಅದಕ್ಕಾಗಿ ಅವರು ಮಕ್ಕಳನ್ನು ಕದ್ದರು, ಬೇಡವಾದಾಗ ಕೊಂದರು. 1990ರಿಂದ 1996ರ ನಡುವೆ 13 ಮಕ್ಕಳನ್ನು ಅಪಹರಿಸಿ, ಅವರಲ್ಲಿ 9 ಮಕ್ಕಳನ್ನು ಕೊಂದ ಆರೋಪ ಅವರ ಮೇಲಿತ್ತು. ರೇಣುಕಾಳ ಗಂಡ ಕಿರಣ್ ಶಿಂಧೆ ಮಾಫಿ ಸಾಕ್ಷಿಯಾದ. ತಾಯಿ ವಿಚಾರಣೆ ಮುಗಿಯುವ ಮೊದಲೇ ಸತ್ತಳು. 2001ರಲ್ಲಿ ಕೊಲ್ಲಾಪುರದ ಸೆಷನ್ಸ್ ನ್ಯಾಯಾಲಯ ಅಕ್ಕತಂಗಿಯರಿಗೆ ಗಲ್ಲು ವಿಧಿಸಿತು. 2004ರಲ್ಲಿ ಬಾಂಬೆ ಹೈಕೋರ್ಟ್, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದವು.

ಚಿತ್ರದ ಬಲ ಅದರ ನಟಿಯರು. ಹೆಸರುಗಳನ್ನೂ ವಿವರಗಳನ್ನೂ ಬದಲಿಸಿಕೊಂಡ ಈ ಕಥೆಯಲ್ಲಿ ಮಾಹಿ ಗಿಲ್ ಮಾಡಿದ ತಾಯಿಯ ಪಾತ್ರಕ್ಕೆ ಗಟ್ಟಿತನವಿದೆ. ಪ್ರೀತಿಯನ್ನೂ ಬೆದರಿಕೆಯನ್ನೂ ಒಂದೇ ದನಿಯಲ್ಲಿ ಹೇಳಬಲ್ಲ ಹೆಂಗಸು ಅವಳು. ಸಯಾನಿ ಗುಪ್ತಾ ಮತ್ತು ರಾಗಿಣಿ ಖನ್ನಾ ಅಕ್ಕತಂಗಿಯರ ನಡುವಿನ ಅಂಟನ್ನೂ ಅಸೂಯೆಯನ್ನೂ ಚೆನ್ನಾಗಿ ಹಿಡಿದಿದ್ದಾರೆ. ಆದರೆ ಕಾರಣ ಹುಡುಕುವ ಹೊತ್ತು ಬಂದಾಗ ಚಿತ್ರ ತಾಯಿಯ ಕಡೆ ಬೆರಳು ತೋರಿಸುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. ಕೆಟ್ಟ ತಾಯಿ, ಕೆಟ್ಟ ಮಕ್ಕಳು ಎಂಬ ಲೆಕ್ಕ ನೋಡುವವರಿಗೆ ಸಮಾಧಾನ ತರುತ್ತದೆ. ಆರು ವರ್ಷ ಊರೂರು ಅಲೆದು ಮಕ್ಕಳನ್ನು ಕದ್ದ ಮೂವರು ಪೊಲೀಸರ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಇಂಥ ಚಿತ್ರ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಬೆನೆಟ್ ಮಿಲ್ಲರ್ ನಿರ್ದೇಶನದ ‘ಕಪೋಟಿ’ (2005) ನಮ್ಮ ಮುಂದಿದೆ. 1959ರಲ್ಲಿ ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಹಾಲ್ಕಂಬ್ ಎಂಬ ಹಳ್ಳಿಯಲ್ಲಿ ಕ್ಲಟರ್ ಕುಟುಂಬದ ನಾಲ್ವರ ಕೊಲೆಯಾಯಿತು. ಲೇಖಕ ಟ್ರೂಮನ್ ಕಪೋಟಿ ಅಲ್ಲಿಗೆ ಹೋಗಿ, ಕೊಲೆಗಾರರ ಸ್ನೇಹ ಸಂಪಾದಿಸಿ, ‘ಇನ್ ಕೋಲ್ಡ್ ಬ್ಲಡ್’ ಬರೆದ. ಚಿತ್ರದಲ್ಲಿ ಅವನು ಮೊದಲು ಅಪರಾಧಿಗಳಿಗೆ ವಕೀಲರನ್ನು ಹುಡುಕಿಕೊಡುತ್ತಾನೆ. ಅನ್ನ ಬಿಟ್ಟು ಕೂತ ಪೆರ್ರಿ ಸ್ಮಿತ್‌ಗೆ ತಾನೇ ಉಣಿಸುತ್ತಾನೆ. ಪುಸ್ತಕದ ಹೆಸರೇನೆಂದು ಅದೇ ಪೆರ್ರಿ ಕೇಳಿದಾಗ ಸುಳ್ಳು ಹೇಳುತ್ತಾನೆ. ಮೇಲ್ಮನವಿಗಳಿಂದ ಗಲ್ಲು ಮುಂದಕ್ಕೆ ಹೋದಷ್ಟೂ ಅವನು ಕುದಿಯುತ್ತಾನೆ, ಏಕೆಂದರೆ ಅವರು ಸಾಯದೆ ಪುಸ್ತಕಕ್ಕೆ ಕೊನೆಯಿಲ್ಲ. 1965ರ ಏಪ್ರಿಲ್‌ನಲ್ಲಿ ಇಬ್ಬರನ್ನೂ ಗಲ್ಲಿಗೇರಿಸಲಾಯಿತು; ಮರುವರ್ಷ ಪುಸ್ತಕ ಬಂತು. ಅವರನ್ನು ಉಳಿಸಲು ನನ್ನಿಂದ ಏನೂ ಆಗುತ್ತಿರಲಿಲ್ಲ ಎಂದು ಕಪೋಟಿ ಅಲವತ್ತುಕೊಂಡಾಗ, ಉಳಿಸುವ ಮನಸ್ಸೇ ನಿನಗಿರಲಿಲ್ಲ ಎಂದು ಗೆಳತಿ ಹಾರ್ಪರ್ ಲೀ ಹೇಳುತ್ತಾಳೆ. ಫಿಲಿಪ್ ಸೀಮೋರ್ ಹಾಫ್‌ಮನ್‌ಗೆ ಆಸ್ಕರ್ ತಂದ ಈ ಪಾತ್ರದ ದೊಡ್ಡತನ ಇದು: ಲೇಖಕನ ಕರುಣೆಯನ್ನೂ ದುರಾಸೆಯನ್ನೂ ಬೇರ್ಪಡಿಸಲಾಗದಂತೆ ತೋರಿಸುತ್ತದೆ.

‘ಪೋಷಂ ಪಾ’ದ ಸಾಕ್ಷ್ಯಚಿತ್ರಕಾರರಿಗೆ ಇಂಥ ಪರೀಕ್ಷೆಯೇ ಇಲ್ಲ. ಅವರು ಕೇಳುತ್ತಾರೆ, ಬೆಚ್ಚುತ್ತಾರೆ, ಕ್ಯಾಮೆರಾ ನಡೆಯುತ್ತದೆ. ಈ ಕೈದಿಗಳ ಮಾತಿನಿಂದ ಅವರಿಗೇನು ಲಾಭ, ಕೈದಿಗಳಿಗೇನು ಆಸೆ ಎಂಬ ವ್ಯವಹಾರ ತೆರೆಯ ಮೇಲೆ ಬರುವುದೇ ಇಲ್ಲ. ಇದು ಬರೀ ಕಲೆಯ ಕೊರತೆಯಲ್ಲ. ನಿಜವಾದ ಅಕ್ಕತಂಗಿಯರ ಕ್ಷಮಾದಾನ ಅರ್ಜಿಯನ್ನು ರಾಷ್ಟ್ರಪತಿಗಳು 2014ರಲ್ಲಿ ತಿರಸ್ಕರಿಸಿದ್ದರು. ಚಿತ್ರ ಬಂದ ಹೊತ್ತಿಗೆ ಯರವಡಾ ಜೈಲಿನಲ್ಲಿದ್ದ ಅವರು ಗಲ್ಲು ಇಳಿಸಲು ಕೋರಿದ ಅರ್ಜಿ ಇನ್ನೂ ಹೈಕೋರ್ಟ್ ಮುಂದಿತ್ತು. ಸ್ವತಂತ್ರ ಭಾರತದಲ್ಲಿ ಗಲ್ಲಿಗೇರುವ ಮೊದಲ ಹೆಂಗಸರು ಎಂದು ಪತ್ರಿಕೆಗಳು ಮುಂಚಿತವಾಗಿಯೇ ತಲೆಬರಹ ಕೊಟ್ಟಿದ್ದವು. ಕಪೋಟಿಯಂತೆ ಮಾಧ್ಯಮವೂ ಗಲ್ಲಿಗೆ ಕಾದಿತ್ತು. ಆ ಕೊನೆ ಬರಲಿಲ್ಲ. 2022ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅಪರಾಧ ಸಣ್ಣದೆಂದಲ್ಲ, ಅದರ ಕ್ರೌರ್ಯ ಮಾತಿಗೆ ಮೀರಿದ್ದೆಂದೇ ನ್ಯಾಯಾಲಯ ಹೇಳಿತು. ಆದರೆ ಕ್ಷಮಾದಾನ ಅರ್ಜಿಗಳನ್ನು ಇತ್ಯರ್ಥಪಡಿಸಲು ಸರ್ಕಾರಗಳು ಏಳು ವರ್ಷಕ್ಕೂ ಮೀರಿ ತೆಗೆದುಕೊಂಡಿದ್ದವು. ದಿನವೂ ಸಾವನ್ನು ಎದುರು ನೋಡುವ ಕೈದಿ, ಕಡತ ಅಲುಗಿಸದ ಕಚೇರಿ, ಇಬ್ಬರ ನಡುವೆ ನ್ಯಾಯಕ್ಕೆ ಕಾಯುವ ತಂದೆತಾಯಂದಿರು: ಈ ಕಾಯುವಿಕೆಯೇ ಪ್ರಕರಣದ ನಿಜವಾದ ನಾಟಕ. ಗಲ್ಲಿಗೆ ಕಾದ ಹೆಂಗಸರನ್ನು ಎದುರಿಗೆ ಕೂರಿಸಿಕೊಂಡ ಚಿತ್ರ ಅದನ್ನು ನೋಡಲಿಲ್ಲ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಚಿತ್ರ 2007ರ ‘ಆ ದಿನಗಳು’. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಪುಸ್ತಕದಿಂದ ಬಂದ, ಕೆ.ಎಂ. ಚೈತನ್ಯ ನಿರ್ದೇಶನದ ಆ ಚಿತ್ರದಲ್ಲಿ ಲೇಖಕನೇ ಘಟನೆಯೊಳಗಿನ ಪಾತ್ರ. ಆ ಪಾತ್ರ ಮಾಡಿದವರು ಅತುಲ್ ಕುಲಕರ್ಣಿ. ಭೂಗತ ಲೋಕದ ಕೊತ್ವಾಲನ ಕಾಲದ ಬೆಂಗಳೂರನ್ನು ಅದು ಅಬ್ಬರವಿಲ್ಲದೆ ಕಟ್ಟಿಕೊಟ್ಟಿತು. ಚಿತ್ರಕಥೆಯಲ್ಲೂ ಲೇಖಕರ ಕೈ ಇದ್ದುದರಿಂದಲೋ ಏನೋ, ಅವರನ್ನು ಗಟ್ಟಿಯಾಗಿ ಪ್ರಶ್ನಿಸುವ ಒಂದು ದನಿ ಅಲ್ಲಿ ಹುಟ್ಟಲಿಲ್ಲ. ಆದರೂ ಕೊಲೆಯ ಸುದ್ದಿ ಹೇಳುವವನ ಕೈ ತೊಳೆದ ಹಾಗಿರುವುದಿಲ್ಲ ಎಂಬುದನ್ನು ಅದು ಬಚ್ಚಿಡಲಿಲ್ಲ.

ಕೊಲ್ಲಾಪುರಕ್ಕೆ ಇದಕ್ಕಿಂತ ಹಳೆಯ ಪಾಠವಿದೆ. ಬಾಬುರಾವ್ ಪೇಂಟರ್ ಅಲ್ಲಿನ ಮಹಾರಾಷ್ಟ್ರ ಫಿಲ್ಮ್ ಕಂಪನಿಯಿಂದ 1925ರಲ್ಲಿ ‘ಸಾವಕಾರಿ ಪಾಶ್’ ಮಾಡಿದರು. ಸಾಲಕ್ಕೆ ಹೊಲ ಕಳಕೊಂಡು ಪಟ್ಟಣ ಸೇರಿದ ರೈತನನ್ನು ಆ ಮೂಕಿಚಿತ್ರ ಅನ್ಯಾಯದ ಎದುರು ನಿಲ್ಲಿಸಿತು; ಅನ್ಯಾಯಕ್ಕೊಳಗಾದವನೇ ಅಲ್ಲಿ ಕಥೆಯ ನಡುವಿದ್ದ. ‘ಪೋಷಂ ಪಾ’ದಲ್ಲಿ ಸತ್ತ ಮಕ್ಕಳಿಗೆ ಅಂಥ ಜಾಗವಿಲ್ಲ. ಮಕ್ಕಳಾಟದ ಹಾಡಿನಿಂದ ಹೆಸರು ಪಡೆದ ಚಿತ್ರದಲ್ಲಿ ಮಕ್ಕಳು ಅಪರಾಧದ ಸಾಮಗ್ರಿಯಾಗಿಯೇ ಉಳಿಯುತ್ತಾರೆ. ಅವರ ಮನೆ ಯಾವುದು, ಹುಡುಕಿದವರು ಯಾರು, ದೂರು ಕೊಡಲು ಹೋದಾಗ ಏನಾಯಿತು ಎಂಬುದು ಇಡೀ ಕಥೆಯ ಹೊರಗಿದೆ.

ಗಡಹಿಂಗ್ಲಜ್, ಇಚಲಕರಂಜಿಯ ಕನ್ನಡ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಮಗುವಿನ ಕೈ ಹಿಡಿದು ಕೊಲ್ಲಾಪುರದ ಅಂಬಾಬಾಯಿಯ ದರ್ಶನಕ್ಕೆ ಹೋಗುವವರು ಅವರು, ನಿಪ್ಪಾಣಿ–ಸಂಕೇಶ್ವರದವರೂ ಹೌದು. ‘ಪೋಷಂ ಪಾ’ವನ್ನು ನಟನೆಗಾಗಿ ನೋಡಬಹುದು, ಪ್ರಕರಣವನ್ನು ಅರಿಯಲು ಅದು ಸಾಲದು. ಈ ವಿಷಯವನ್ನು ಮುಂದೆ ಮರಾಠಿಯಲ್ಲೋ ಕನ್ನಡದಲ್ಲೋ ಎತ್ತಿಕೊಳ್ಳುವ ಲೇಖಕರು, ನಿರ್ದೇಶಕರು 2006ರ ಮತ್ತು 2022ರ ತೀರ್ಪುಗಳೆರಡನ್ನೂ ಓದಲಿ. ಮಕ್ಕಳನ್ನು ಕಳಕೊಂಡ ಮನೆಗಳನ್ನು ನಡುವಿಟ್ಟು ಕಥೆ ಕಟ್ಟಲಿ, ಮತ್ತು ತಾವು ಈ ಕಥೆಯನ್ನು ಏಕೆ ಹೇಳುತ್ತಿದ್ದೇವೆ ಎಂಬುದಕ್ಕೆ ಕೃತಿಯೊಳಗೇ ಉತ್ತರ ಕೊಡಲಿ.