ಎಬ್ಬಿಸುವ ಕೈ

ಪಾರ್ಶ್ವವಾಯುವಿಗೆ ತುತ್ತಾದವರ ಚೇತರಿಕೆಯ ಹೊಣೆಯನ್ನು ಮನೆಯವರಿಗೆ ಒಪ್ಪಿಸಬಹುದೆ ಎಂಬ ಪ್ರಶ್ನೆಯನ್ನು ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದ ‘ಅಟೆಂಡ್’ ಎಂಬ ಅಧ್ಯಯನವು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿ ಬಲ್ಲವರು ಊರೂರಿಗೆ ದೊರೆಯದ ನಾಡಿನಲ್ಲಿ, ಹೇಗೂ ಹಾಸಿಗೆಯ ಬಳಿಯೇ ಇರುವ ಹೆಂಡತಿಗೋ ಮಗನಿಗೋ ಸೊಸೆಗೋ ಆ ವಿದ್ಯೆಯನ್ನು ಕಲಿಸಿಕೊಟ್ಟರೆ ಕೊರತೆಯು ತುಂಬೀತೆಂಬ ಎಣಿಕೆ ಅದರ ಮೂಲದಲ್ಲಿದ್ದಿತು. 1250 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮನೆಯವರಿಗೆ ಆಸ್ಪತ್ರೆಯಲ್ಲಿಯೇ ಶಿಕ್ಷಣವನ್ನಾರಂಭಿಸಿ, ಎರಡು ತಿಂಗಳವರೆಗೆ ಮನೆಯಲ್ಲಿ ಮುಂದುವರಿಸಿದರು. ಉಳಿದವರಿಗೆ ರೂಢಿಯ ಆರೈಕೆಯಷ್ಟೆ. ಆರು ತಿಂಗಳು ಕಳೆದು ಎಣಿಸಿದಾಗ, ತೀರಿಕೊಂಡವರ ಅಥವಾ ಪರಾಧೀನರಾಗಿಯೇ ಉಳಿದವರ ಪ್ರಮಾಣವು ಎರಡು ಗುಂಪಿನಲ್ಲಿಯೂ ಶೇಕಡಾ 47 ಆಗಿದ್ದಿತು.

ನಿರಾಶೆಯ ಫಲವನ್ನು ಮರೆಮಾಚದೆ ಮುಂದಿಟ್ಟ ಪ್ರಾಮಾಣಿಕತೆಗೆ ಮೊದಲು ಗೌರವ ಸಲ್ಲಬೇಕು. ಆದರೆ ಮನೆಯವರ ಶುಶ್ರೂಷೆಯೇ ವ್ಯರ್ಥವೆಂದು ಇದರಿಂದ ನಿರ್ಣಯಿಸುವವರು, ಕಲಿಸಿದ ವಿದ್ಯೆಯು ಎಂಥ ಸೂಕ್ಷ್ಮವಾದುದೆಂಬುದನ್ನೂ ಅದನ್ನು ಎಂಥ ದಿನಚರಿಯ ನಡುವೆ ಆಚರಿಸಬೇಕಾಗುತ್ತದೆಂಬುದನ್ನೂ ನೋಡಿಲ್ಲವೆಂದೇ ಹೇಳಬೇಕು.

ನಾನು ಕಂಡ ಒಂದು ಮನೆಯಲ್ಲಿ, ಎಡಗೈ ಎಡಗಾಲು ಸ್ವಾಧೀನ ತಪ್ಪಿದ ಗಂಡನನ್ನು ಹೆಂಡತಿಯು ಮೊದಮೊದಲು ಕಂಕುಳಿಗೆ ಕೈಹಾಕಿ ಎಳೆದೆಬ್ಬಿಸುತ್ತಿದ್ದಳು. ಸ್ನಾಯುಗಳ ಬಿಗಿ ಸಡಿಲಿ ಹೆಗಲಿನ ಕೀಲು ಜಾರುವಂತಿರುವಾಗ ಆ ಎಳೆತವೇ ತಿಂಗಳುಗಟ್ಟಲೆಯ ನೋವಿಗೆ ಕಾರಣವಾದೀತೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಕಲಿತ ಮೇಲೆ ಕ್ರಮವು ಬದಲಾಯಿತು: ಆತನನ್ನು ಮಂಚದ ಅಂಚಿಗೆ ಸರಿಸಿ, ಎರಡು ಪಾದಗಳನ್ನೂ ನೆಲಕ್ಕೆ ಊರಿಸಿ, ಹಿಮ್ಮಡಿಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ತಂದು, ತಾನು ಎಡಮಗ್ಗುಲಲ್ಲಿ ನಿಂತು, ಕುಸಿಯಬಹುದಾದ ಮೊಣಕಾಲಿಗೆ ತನ್ನ ಮೊಣಕಾಲನ್ನು ಒತ್ತುಕೊಟ್ಟು, “ರೀ, ಇನ್ನೂ ಮುಂದಕ್ಕೆ ಬಾಗಿ, ಮೂಗು ಹೆಬ್ಬೆಟ್ಟು ದಾಟಲಿ” ಎನ್ನುವಳು. ಭಾರವು ಪಾದಗಳಿಗೆ ಇಳಿದೊಡನೆ ದೇಹವು ತನ್ನ ಬಲದಿಂದಲೇ ಮೇಲೇಳುತ್ತಿದ್ದಿತು. ಹಾಗೆಯೇ ನೀರಿನ ತಂಬಿಗೆಯನ್ನು ಎಡಗಡೆಗೆ ಇಡುವುದನ್ನೂ ಆಕೆ ಕಲಿತಳು. ಅದಕ್ಕಾಗಿ ಮೈ ತಿರುಗಿಸಿ ಬಾಗುವಾಗ, ಮರೆತ ಮಗ್ಗುಲಿನ ಮೇಲೆ ಭಾರ ಬಿದ್ದು, ಸಮತೋಲದ ಪಾಠವು ಬಾಯಾರಿಕೆಯ ನೆವದಲ್ಲಿ ನಡೆದುಹೋಗುತ್ತದೆ. ಎಷ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಅಳತೆಯೇ ಈ ವಿದ್ಯೆಯ ಸಾರ.

ಈ ಅಳತೆಯು ಅಕ್ಕರೆಯೊಂದರಿಂದಲೇ ತಿಳಿಯುವಂಥದಲ್ಲ. ನಿಪುಣರೂ ಇದರಲ್ಲಿ ಎಡವಿದ್ದುಂಟು. ರೋಗ ತಗುಲಿದ 24 ಗಂಟೆಗಳೊಳಗಾಗಿ ಪದೇಪದೇ ಎಬ್ಬಿಸಿ ಓಡಾಡಿಸುವುದು ಹಿತವೆಂಬ ನಂಬಿಕೆಯನ್ನು 2104 ರೋಗಿಗಳಲ್ಲಿ ಪರೀಕ್ಷಿಸಿದ ‘ಅವರ್ಟ್’ ಅಧ್ಯಯನದಲ್ಲಿ, ಚೆನ್ನಾಗಿ ಚೇತರಿಸಿಕೊಂಡವರು ಆ ಗುಂಪಿನಲ್ಲಿ ಶೇಕಡಾ 46 ಆದರೆ ರೂಢಿಯ ಆರೈಕೆಯಲ್ಲಿ ಶೇಕಡಾ 50 ಎಂದು 2015ರಲ್ಲಿ ತಿಳಿದುಬಂದಿತು.

‘ಅಟೆಂಡ್’ನ ಮುಖ್ಯ ಗಣನೆಯಲ್ಲಿ ಒಂದು ಒರಟುತನವಿದೆ. ಮಂಚ ಬಿಟ್ಟೇಳದವನೂ, ಬಚ್ಚಲಿಗೆ ತಾನಾಗಿ ನಡೆದುಹೋಗಿ ಅಂಗಿಯ ಗುಂಡಿಗೆ ಮಾತ್ರ ನೆರವು ಬೇಡುವವನೂ ಅದರಲ್ಲಿ ಒಂದೇ ಪರಾಧೀನರ ಪಂಕ್ತಿಗೆ ಸೇರುತ್ತಾರೆ. ಮನೆಯವರ ಪಾಲಿಗಾದರೋ ಈ ಎರಡು ಸ್ಥಿತಿಗಳ ನಡುವಣ ದೂರವೇ ಸರ್ವಸ್ವ. ಆದರೂ ಮೂಲದೋಷವು ಗಣನೆಯಲ್ಲಿಲ್ಲ, ಮನೆಯವರ ಸಮಯವು ಬೆಲೆಯಿಲ್ಲದೆ ಬೇಕಾದಷ್ಟು ದೊರೆಯುವ ವಸ್ತುವೆಂಬ ಎಣಿಕೆಯಲ್ಲಿದೆ ಎಂದು ನನಗೆ ತೋರುತ್ತದೆ. ವಿದ್ಯೆಯನ್ನು ಎರಡು ತಿಂಗಳಲ್ಲಿ ದಾಟಿಸಬಹುದು. ಅದನ್ನು ಆಚರಿಸಲು ಬೇಕಾದ ಬಿಡುವನ್ನೂ, ಮೂರನೆಯ ತಿಂಗಳಲ್ಲಿ ಬಂದು ತಪ್ಪನ್ನು ತಿದ್ದುವ ಕಣ್ಣನ್ನೂ ಜೊತೆಗೆ ಒದಗಿಸದಿದ್ದರೆ ಅದು ನಿಂತೀತು ಹೇಗೆ?

ಆ ಮನೆಗೆ ನಾನು ಮತ್ತೊಮ್ಮೆ ಹೋದಾಗ ತಂಬಿಗೆಯು ಎಡಗಡೆಯಲ್ಲಿಯೇ ಇದ್ದಿತು. ಆತನು ಬಾಗಿ ಕೈನೀಡುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕತೊಡಗಿತು. ಬಾಗಿಲಲ್ಲಿ ಯಾರೋ ಕೂಗಿದರು. ಸರಿಯಾದ ಕ್ರಮವನ್ನು ಚೆನ್ನಾಗಿ ಬಲ್ಲ ಆಕೆ, ತಂಬಿಗೆಯನ್ನೆತ್ತಿ ಆತನ ಬಲಗೈಗೆ ಕೊಟ್ಟು ಒಳಕ್ಕೆ ಓಡಿದಳು.